ಸ್ನಾತಕೋತ್ತರ ಪದವಿಯಿಂದ ಪಿಎಚ್‌.ಡಿ.ಗೆ: ನಡುವಿನ ಅವಧಿಯನ್ನು ಲೆಕ್ಕ ಹಾಕುವುದು ಹೇಗೆ?

ಕೊನೆಯ ಸೆಮಿಸ್ಟರ್ ಮುಗಿಸಿ ಹಾಸ್ಟೆಲ್ ಖಾಲಿ ಮಾಡುವ ಹೊತ್ತಿಗೆ ಎರಡು ಸಲಹೆಗಳು ಜೊತೆಗೇ ಬರುತ್ತವೆ. "ಓದಿನ ಬಿಸಿ ಆರುವ ಮೊದಲೇ ಪಿಎಚ್‌.ಡಿ. ಸೇರಿಬಿಡು" ಎನ್ನುವವರು ಒಂದು ಕಡೆ, "ಮೊದಲು ಕೆಲಸ ಹಿಡಿ, ಆಮೇಲೆ ನೋಡೋಣ" ಎನ್ನುವವರು ಇನ್ನೊಂದು ಕಡೆ. ಎರಡರಲ್ಲೂ ತಾರೀಖಿನ ಲೆಕ್ಕ ಇರುವುದಿಲ್ಲ. ಸಂಶೋಧನೆಗೆ ಹೊರಟವರ ಕೈಯಲ್ಲಿರುವ ಪ್ರತಿಯೊಂದು ಅರ್ಹತೆಗೂ ಅದರದೇ ಗಡುವು ಇದೆ: ಒಂದು ವರ್ಷಕ್ಕೆ ಮುಗಿಯುವುದು ಒಂದು, ಮೂರು ವರ್ಷಕ್ಕೆ ಮುಗಿಯುವುದು ಇನ್ನೊಂದು, ಜೀವಮಾನವಿಡೀ ಉಳಿಯುವುದು ಮತ್ತೊಂದು. ಈ ಗಡುವುಗಳಲ್ಲಿ ಯಾವುದನ್ನು ಯಾವಾಗ ಶುರು ಮಾಡಬೇಕು ಎಂಬುದು ಗೊತ್ತಾದರೆ ಎಷ್ಟು ತಿಂಗಳು ಕಾಯಬೇಕು ಎಂಬ ಪ್ರಶ್ನೆಗೆ ಉತ್ತರ ಸಿಕ್ಕಂತೆ.

ಈ ಬರಹ ಮುಖ್ಯವಾಗಿ ಕರ್ನಾಟಕದ ವಿಶ್ವವಿದ್ಯಾಲಯಗಳಲ್ಲಿ ಎಂ.ಎ., ಎಂ.ಕಾಂ., ಎಂ.ಎಸ್ಸಿ. ಮಾಡಿ ಇಲ್ಲೇ ಸಂಶೋಧನೆಗೆ ಸೇರುವವರಿಗೆ.

ಮೊದಲು ಗಡುವುಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ

ಪಿಎಚ್‌.ಡಿ. ಅವಧಿಯೇ ಎಲ್ಲಕ್ಕಿಂತ ದೊಡ್ಡ ಗಡುವು. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ನಿಯಮಾವಳಿಯಂತೆ ಕೋರ್ಸ್‌ವರ್ಕ್ (ಆರಂಭದ ತರಗತಿ ಪಾಠ) ಸೇರಿ ಕನಿಷ್ಠ 3 ವರ್ಷ, ಪ್ರವೇಶದ ದಿನದಿಂದ ಗರಿಷ್ಠ 6 ವರ್ಷ. ಮರುನೋಂದಣಿ ಮಾಡಿಸಿದರೆ ಇನ್ನೆರಡು ವರ್ಷ, ಒಟ್ಟು 8. ಮಹಿಳೆಯರಿಗೆ ಮತ್ತು ಶೇ. 40ಕ್ಕಿಂತ ಹೆಚ್ಚಿನ ಅಂಗವೈಕಲ್ಯ ಇರುವವರಿಗೆ ಅದರ ಮೇಲೆ ಮತ್ತೆರಡು ವರ್ಷ ಸಿಗುತ್ತದೆ, ಒಟ್ಟು 10. ಮಹಿಳಾ ಸಂಶೋಧಕರಿಗೆ ಹೆರಿಗೆ ಮತ್ತು ಶಿಶುಪಾಲನೆಗೆಂದು ಇಡೀ ಅವಧಿಯಲ್ಲಿ 240 ದಿನಗಳವರೆಗೆ ರಜೆಯೂ ಇದೆ. ಪ್ರವೇಶ ಪಡೆದ ದಿನದಿಂದಲೇ ಈ ಎಣಿಕೆ ಶುರು. ವಿಷಯ ಹುಡುಕುತ್ತ ಕಳೆದ ಮೊದಲ ವರ್ಷವನ್ನು ಯಾರೂ ವಾಪಸ್ ಕೊಡುವುದಿಲ್ಲ. ಆದ್ದರಿಂದ ನೋಂದಣಿಯ ಒಳಗೆ ಕಳೆದುಹೋಗುವ ಒಂದು ವರ್ಷಕ್ಕಿಂತ ನೋಂದಣಿಯ ಹೊರಗೆ ತಯಾರಿಗೆ ಕೊಟ್ಟ ಒಂದು ವರ್ಷ ಲಾಭದ್ದು.

ಎರಡನೆಯದು ಯುಜಿಸಿ ನೆಟ್ ಎಂಬ ರಾಷ್ಟ್ರೀಯ ಅರ್ಹತಾ ಪರೀಕ್ಷೆ. 2024ರ ಜೂನ್ ಸರದಿಯಿಂದ ಇದರ ಫಲಿತಾಂಶ ಮೂರು ಬಗೆ. ಮೊದಲನೆಯವರಿಗೆ ಜೆಆರ್‌ಎಫ್ (ಸಂಶೋಧನೆಗೆ ತಿಂಗಳ ಹಣ ಕೊಡುವ ಕಿರಿಯ ಫೆಲೋಶಿಪ್) ಮತ್ತು ಸಹಾಯಕ ಪ್ರಾಧ್ಯಾಪಕ ಅರ್ಹತೆ. ಎರಡನೆಯವರಿಗೆ ಸಹಾಯಕ ಪ್ರಾಧ್ಯಾಪಕ ಅರ್ಹತೆ ಮತ್ತು ಪಿಎಚ್‌.ಡಿ. ಪ್ರವೇಶ. ಮೂರನೆಯವರಿಗೆ ಪಿಎಚ್‌.ಡಿ. ಪ್ರವೇಶ ಮಾತ್ರ. ಎಡವುವವರು ಹೆಚ್ಚಾಗಿ ಇಲ್ಲೇ ಎಡವುತ್ತಾರೆ. ಸಹಾಯಕ ಪ್ರಾಧ್ಯಾಪಕ ಅರ್ಹತೆ ಜೀವಮಾನಕ್ಕೆ ಸಾಕು. ಜೆಆರ್‌ಎಫ್ ಪತ್ರ ಕೊಟ್ಟ ದಿನದಿಂದ ಮೂರು ವರ್ಷ ನಡೆಯುತ್ತದೆ. ಆದರೆ ಎರಡನೆಯ ಮತ್ತು ಮೂರನೆಯ ಬಗೆಯವರ ಅಂಕ ಪಿಎಚ್‌.ಡಿ. ಪ್ರವೇಶಕ್ಕೆ ಒಂದೇ ವರ್ಷ ಸಿಂಧು. 2026ರ ಜುಲೈಯಲ್ಲಿ ಫಲಿತಾಂಶ ಬಂದು, ನೀವು ಬಯಸಿದ ವಿಶ್ವವಿದ್ಯಾಲಯ 2027ರ ಆಗಸ್ಟ್‌ನಲ್ಲಿ ಅಧಿಸೂಚನೆ ಹೊರಡಿಸಿದರೆ ಒಂದೇ ತಿಂಗಳ ಅಂತರದಲ್ಲಿ ಅಂಕ ಕೈಬಿಟ್ಟಿರುತ್ತದೆ. ಮತ್ತೆ ಪರೀಕ್ಷೆ, ಮತ್ತೆ ಆರು ತಿಂಗಳು.

ಮೂರನೆಯದು ವಯಸ್ಸು. ಪಿಎಚ್‌.ಡಿ.ಗೆ ಸೇರಲು ಯುಜಿಸಿ ನಿಯಮದಲ್ಲಿ ಗರಿಷ್ಠ ವಯಸ್ಸಿಲ್ಲ, ಎಂ.ಎ. ಮುಗಿದು ಎಷ್ಟು ವರ್ಷವಾಯಿತು ಎಂಬ ಮಿತಿಯೂ ಇಲ್ಲ. ಮಿತಿ ಇರುವುದು ಜೆಆರ್‌ಎಫ್‌ಗೆ. ಪರೀಕ್ಷೆ ಮುಗಿಯುವ ತಿಂಗಳ ಮೊದಲ ತಾರೀಖಿಗೆ 30 ವರ್ಷ ಮೀರಿರಬಾರದು. ಎಸ್‌ಸಿ, ಎಸ್‌ಟಿ, ಕೇಂದ್ರ ಪಟ್ಟಿಯ ಒಬಿಸಿ, ಅಂಗವಿಕಲರು, ತೃತೀಯ ಲಿಂಗಿಗಳು ಮತ್ತು ಎಲ್ಲ ಮಹಿಳೆಯರಿಗೆ 5 ವರ್ಷ ಸಡಿಲಿಕೆ. ಇಡಬ್ಲ್ಯುಎಸ್‌ (ಆರ್ಥಿಕವಾಗಿ ದುರ್ಬಲ ವರ್ಗ) ನವರಿಗೆ ಈ ಸಡಿಲಿಕೆ ಇಲ್ಲ. 1997ರ ಮೇ 15ರಂದು ಹುಟ್ಟಿದ, ಸಡಿಲಿಕೆಯಿಲ್ಲದ ಅಭ್ಯರ್ಥಿಗೆ 2027ರ ಜೂನ್ ಸರದಿ ಸಿಗುವುದಿಲ್ಲ, 2026ರ ಡಿಸೆಂಬರ್ ಸರದಿಯೇ ಕೊನೆಯದು. ನಿಮ್ಮ ಕೊನೆಯ ಸರದಿ ಯಾವುದೆಂದು ಇವತ್ತೇ ಎಣಿಸಿ ಅದೇ ಹಾಳೆಯಲ್ಲಿ ಬರೆಯಿರಿ.

ವಿಜ್ಞಾನ, ಎಂಜಿನಿಯರಿಂಗ್ ಕಡೆಯವರು ಇದರ ಜೊತೆ ಗೇಟ್ ಪರೀಕ್ಷೆಯನ್ನೂ ಸೇರಿಸಿಕೊಳ್ಳಲಿ. ಆ ಅಂಕಕ್ಕೆ ಮೂರು ವರ್ಷ ಬಾಳಿಕೆ.

ಹೆಜ್ಜೆ 1: ನೆಟ್ ಬರೆಯುವುದು ಪದವಿ ಮುಗಿದ ಮೇಲಲ್ಲ, ಮುಗಿಯುವ ಮೊದಲು

ಸ್ನಾತಕೋತ್ತರ ಪದವಿಯ ಕೊನೆಯ ವರ್ಷದಲ್ಲಿರುವವರು ನೆಟ್ ಬರೆಯಬಹುದು. ಫಲಿತಾಂಶ ಬಂದ ಎರಡು ವರ್ಷದೊಳಗೆ ಬೇಕಾದ ಅಂಕದೊಂದಿಗೆ ಪದವಿ ಮುಗಿಸಿ ತೋರಿಸಿದರಾಯಿತು. ಹೀಗಿದ್ದೂ ಹೆಚ್ಚಿನವರು "ಫಲಿತಾಂಶ ಬರಲಿ" ಎಂದು ಕೂರುತ್ತಾರೆ. ಪರೀಕ್ಷೆ ಇರುವುದು ವರ್ಷಕ್ಕೆರಡೇ ಸರದಿ, ಜೂನ್ ಮತ್ತು ಡಿಸೆಂಬರ್. ಒಂದು ಸರದಿ ಬಿಟ್ಟರೆ ಆರು ತಿಂಗಳು ಹೋಯಿತು.

ಸರದಿಯ ಹೆಸರನ್ನೇ ನಂಬಿ ಯೋಜನೆ ಹಾಕಬೇಡಿ. 2024ರ ಜೂನ್ 18ರಂದು ನಡೆದ ನೆಟ್ ಮರುದಿನವೇ ರದ್ದಾಯಿತು. ಮರುಪರೀಕ್ಷೆ ಆಗಸ್ಟ್ 21ರಿಂದ ಸೆಪ್ಟೆಂಬರ್ ಮೊದಲ ವಾರದವರೆಗೆ ನಡೆದು, ಫಲಿತಾಂಶ ಅಕ್ಟೋಬರ್‌ನಲ್ಲಿ ಬಂತು. ಆ ವರ್ಷದ ಡಿಸೆಂಬರ್ ಸರದಿ 2025ರ ಜನವರಿಗೆ ಹೋಯಿತು. ನಿಮ್ಮ ಲೆಕ್ಕದಲ್ಲಿ ಪ್ರತಿ ಪರೀಕ್ಷೆಗೂ ಮೂರು ತಿಂಗಳ ಸಡಿಲ ಇಟ್ಟುಕೊಳ್ಳಿ.

ಪರೀಕ್ಷೆ ಮೂರು ಗಂಟೆ, 150 ಪ್ರಶ್ನೆ, 300 ಅಂಕ, ನೆಗೆಟಿವ್ ಮಾರ್ಕಿಂಗ್ ಇಲ್ಲ. 100 ಅಂಕದ ಮೊದಲ ಪತ್ರಿಕೆ ಎಲ್ಲರಿಗೂ ಒಂದೇ. ಬೋಧನೆ, ಸಂಶೋಧನಾ ವಿಧಾನ, ದತ್ತಾಂಶ ವಿಶ್ಲೇಷಣೆ, ತರ್ಕ ಅದರಲ್ಲಿರುತ್ತವೆ. ಸ್ವಂತ ವಿಷಯದಲ್ಲಿ ಗಟ್ಟಿಯಿದ್ದವರೂ ಜೆಆರ್‌ಎಫ್ ಕಳೆದುಕೊಳ್ಳುವುದು ಇಲ್ಲೇ. ವಿಷಯದ ಪತ್ರಿಕೆಯನ್ನು ಎಂ.ಎ. ಓದೇ ಅರ್ಧ ಹೊತ್ತುಕೊಂಡು ಹೋಗುತ್ತದೆ, ಮೊದಲ ಪತ್ರಿಕೆಯನ್ನು ಯಾವ ತರಗತಿಯಲ್ಲೂ ಕಲಿಸಿರುವುದಿಲ್ಲ. ಮೂರನೇ ಸೆಮಿಸ್ಟರ್‌ನಿಂದ ದಿನಕ್ಕೊಂದು ಗಂಟೆ ಅದಕ್ಕೆಂದೇ ತೆಗೆದಿಡಿ.

ಕೆ-ಸೆಟ್ ಕೂಡ ಬರೆಯಿರಿ, ಆದರೆ ಅದರಿಂದ ಏನು ಸಿಗುವುದಿಲ್ಲ ಎಂಬುದು ಗೊತ್ತಿರಲಿ. ಈಗ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಈ ಪರೀಕ್ಷೆ ರಾಜ್ಯದೊಳಗೆ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅರ್ಹತೆ ಕೊಡುತ್ತದೆ. ಫೆಲೋಶಿಪ್ ಕೊಡುವುದಿಲ್ಲ. ಕೆ-ಸೆಟ್ ಆದವರಿಗೆ ಪಿಎಚ್‌.ಡಿ. ಪ್ರವೇಶ ಪರೀಕ್ಷೆಯಿಂದ ವಿನಾಯಿತಿ ಇದೆಯೇ ಎಂಬುದನ್ನು ಆಯಾ ವಿಶ್ವವಿದ್ಯಾಲಯದ ಅಧಿಸೂಚನೆಯಲ್ಲೇ ಓದಬೇಕು. ಸ್ವಂತ ಪ್ರವೇಶ ಪರೀಕ್ಷೆ ನಡೆಸುವ ಕಡೆ ಅರ್ಧ ಪ್ರಶ್ನೆಗಳು ಸಂಶೋಧನಾ ವಿಧಾನದ ಮೇಲೆ, ಅರ್ಧ ವಿಷಯದ ಮೇಲೆ ಬರುತ್ತವೆ. ಪ್ರವೇಶದ ಪಟ್ಟಿ ತಯಾರಾಗುವುದು ಪರೀಕ್ಷೆಗೆ ಶೇ. 70, ಸಂದರ್ಶನಕ್ಕೆ ಶೇ. 30 ಲೆಕ್ಕದಲ್ಲಿ. ಜೆಆರ್‌ಎಫ್ ಇದ್ದವರಿಗೆ ಸಂದರ್ಶನ ಮಾತ್ರ.

ಹೆಜ್ಜೆ 2: ಅಂಕ ಮತ್ತು ಕಾಗದಪತ್ರ

ಪಿಎಚ್‌.ಡಿ.ಗೆ ಸ್ನಾತಕೋತ್ತರದಲ್ಲಿ ಶೇ. 55 ಬೇಕು. ಎಸ್‌ಸಿ, ಎಸ್‌ಟಿ, ಒಬಿಸಿ, ಅಂಗವಿಕಲ, ಇಡಬ್ಲ್ಯುಎಸ್ ಅಭ್ಯರ್ಥಿಗಳಿಗೆ ಶೇ. 5 ಸಡಿಲಿಕೆ. ನೆಟ್‌ನಲ್ಲಿ ಮಾತ್ರ ಇಡಬ್ಲ್ಯುಎಸ್‌ನವರಿಗೂ ಶೇ. 55ರ ನಿಯಮವೇ, ಮತ್ತು 54.9 ಇದ್ದರೆ ಅದನ್ನು 55 ಎಂದು ಎಣಿಸುವುದಿಲ್ಲ. ಅಂಕ ಗಡಿಯ ಕೆಳಗಿದ್ದರೆ ನಿಮ್ಮ ವಿಶ್ವವಿದ್ಯಾಲಯದಲ್ಲಿ ಅಂಕ ಸುಧಾರಣೆಗೆ ಅವಕಾಶ ಇದೆಯೇ, ಎಷ್ಟು ವರ್ಷದೊಳಗೆ ಎಂದು ಪರೀಕ್ಷಾಂಗ ವಿಭಾಗದಲ್ಲಿ ಕೇಳುವುದೇ ಈ ಅವಧಿಯ ಮೊದಲ ಕೆಲಸ. ಮಿಕ್ಕಿದ್ದೆಲ್ಲ ಆಮೇಲೆ.

ಜಾತಿ ಪ್ರಮಾಣಪತ್ರದಲ್ಲಿ ಒಂದು ಗೊಂದಲ ಪದೇ ಪದೇ ಆಗುತ್ತದೆ. ನಾಡಕಚೇರಿಯಿಂದ ಪಡೆದ 2ಎ, 3ಎ, 3ಬಿ ಪ್ರಮಾಣಪತ್ರ ರಾಜ್ಯದ ಸೀಟಿಗೆ ನಡೆಯುತ್ತದೆ. ನೆಟ್‌ನಲ್ಲಿ ಒಬಿಸಿ ಎಂದರೆ ಕೇಂದ್ರ ಪಟ್ಟಿಯ ಒಬಿಸಿ, ಅದರಲ್ಲೂ ನಾನ್ ಕ್ರೀಮಿ ಲೇಯರ್ (ಕೆನೆ ಪದರಕ್ಕೆ ಸೇರದವರು). ಎರಡೂ ಪಟ್ಟಿಗಳು ಒಂದೇ ಅಲ್ಲ. ನಿಮ್ಮ ಸಮುದಾಯ ಕೇಂದ್ರ ಪಟ್ಟಿಯಲ್ಲಿದೆಯೇ ನೋಡಿ, ಇದ್ದರೆ ಕೇಂದ್ರದ ನಮೂನೆಯಲ್ಲೇ ಪ್ರಮಾಣಪತ್ರ ಮಾಡಿಸಿ. ಅರ್ಜಿಯಲ್ಲಿ ಒಬಿಸಿ ಎಂದು ತುಂಬಿ, ಗೆದ್ದ ಮೇಲೆ ಕಾಗದ ತೋರಿಸಲಾಗದಿದ್ದರೆ ಜೆಆರ್‌ಎಫ್ ಕೈತಪ್ಪುತ್ತದೆ.

ಇನ್ನೊಂದು ನಮ್ಮ ಕಡೆಯದೇ ತೊಂದರೆ, ಇನಿಷಿಯಲ್. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ 'ಮಂಜುನಾಥ ಕೆ.ಎಸ್.', ಆಧಾರ್‌ನಲ್ಲಿ 'ಮಂಜುನಾಥ ಕರಿಬಸಪ್ಪ', ಬ್ಯಾಂಕ್ ಪಾಸ್‌ಬುಕ್‌ನಲ್ಲಿ 'ಕೆ.ಎಸ್. ಮಂಜುನಾಥ' ಎಂದಿದ್ದರೆ ಫೆಲೋಶಿಪ್ ಹಣ ಖಾತೆಗೆ ಬರುವ ಹೊತ್ತಿಗೆ ತಡೆ ಬೀಳುತ್ತದೆ. ಎಸ್‌ಎಸ್‌ಎಲ್‌ಸಿಯ ಹೆಸರಿಗೆ ಉಳಿದೆಲ್ಲವನ್ನೂ ಹೊಂದಿಸಿ. ಆಧಾರ್, ಪ್ಯಾನ್, ಬ್ಯಾಂಕ್ ಮೂರೂ ಸರಿಹೋಗಲು ಎರಡು ಮೂರು ತಿಂಗಳು ಹಿಡಿದರೆ ಆಶ್ಚರ್ಯವಿಲ್ಲ.

ಪಿಡಿಸಿ (ತಾತ್ಕಾಲಿಕ ಪದವಿ ಪ್ರಮಾಣಪತ್ರ), ಎಲ್ಲ ಸೆಮಿಸ್ಟರ್‌ಗಳ ಅಂಕಪಟ್ಟಿ, ಟಿ.ಸಿ., ಬೇರೆ ವಿಶ್ವವಿದ್ಯಾಲಯಕ್ಕೆ ಹೋಗುವುದಿದ್ದರೆ ಮೈಗ್ರೇಷನ್ ಸರ್ಟಿಫಿಕೇಟ್ ಇಷ್ಟನ್ನೂ ಊರಿಗೆ ಹೊರಡುವ ಮೊದಲೇ ತೆಗೆದುಕೊಳ್ಳಿ. ಕೆಲವೆಡೆ ನಡುವಿನ ವರ್ಷಗಳಿಗೆ ನೋಟರಿ ಮಾಡಿಸಿದ ಗ್ಯಾಪ್ ಸರ್ಟಿಫಿಕೇಟ್ ಕೇಳುತ್ತಾರೆ. ಆ ಕಾಲದಲ್ಲಿ ಏನು ಮಾಡುತ್ತಿದ್ದಿರಿ ಎಂಬುದಕ್ಕೆ ಸೇವಾ ಪ್ರಮಾಣಪತ್ರ ಇದ್ದರೆ ಜೊತೆಗಿಡಿ.

ಹೆಜ್ಜೆ 3: ಗೈಡ್ ಬಳಿ ಸೀಟು ಯಾವಾಗ ಖಾಲಿ?

ನಿಮ್ಮ ಅವಧಿಯ ಉದ್ದವನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಈ ಒಂದು ಸಂಗತಿ. ಯುಜಿಸಿ ನಿಯಮದಂತೆ ಒಂದೇ ಸಮಯಕ್ಕೆ ಪ್ರಾಧ್ಯಾಪಕರು 8, ಸಹ ಪ್ರಾಧ್ಯಾಪಕರು 6, ಸಹಾಯಕ ಪ್ರಾಧ್ಯಾಪಕರು 4 ಜನಕ್ಕೆ ಮಾರ್ಗದರ್ಶನ ಮಾಡಬಹುದು. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಇರುವವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ಈಗಾಗಲೇ ಇರುವ ವಿದ್ಯಾರ್ಥಿಗಳಿಗೆ ನಿವೃತ್ತಿಯವರೆಗೆ ಮಾರ್ಗದರ್ಶಕರಾಗಿ, ಆನಂತರ 70 ವರ್ಷದವರೆಗೆ ಸಹ ಮಾರ್ಗದರ್ಶಕರಾಗಿ ಮುಂದುವರಿಯಬಹುದು.

ಹಾಗಾಗಿ ನೀವು ಕೇಳಬೇಕಾದ ಪ್ರಶ್ನೆ ಹೀಗಿರಲಿ: "ಸರ್, ತಮ್ಮಲ್ಲಿ ಈಗ ಎಷ್ಟು ಜನ ನೋಂದಣಿಯಲ್ಲಿದ್ದಾರೆ? ಮುಂದಿನ ಒಂದು ವರ್ಷದಲ್ಲಿ ಯಾರದ್ದಾದರೂ ಮಹಾಪ್ರಬಂಧ ಸಲ್ಲಿಕೆಯಾಗುವ ಹಾಗಿದೆಯೇ?" ಇದನ್ನು ಕೇಳಲು ಸಂಕೋಚ ಬೇಡ. ಕೇಳಿದ್ದಕ್ಕೆ ಬೇಸರಪಟ್ಟುಕೊಳ್ಳುವ ಗುರುಗಳು ಕಡಿಮೆ. ಅವರ ವಿದ್ಯಾರ್ಥಿಗಳನ್ನೂ ಮಾತನಾಡಿಸಿ. ಡಾಕ್ಟರಲ್ ಕಮಿಟಿ (ಸಂಶೋಧನೆಯ ಪ್ರಗತಿ ನೋಡುವ ಸಮಿತಿ) ಎಷ್ಟು ತಿಂಗಳಿಗೊಮ್ಮೆ ಕೂರುತ್ತದೆ, ಬರೆದು ಕೊಟ್ಟ ಅಧ್ಯಾಯ ಎಷ್ಟು ದಿನಕ್ಕೆ ಓದಿ ವಾಪಸ್ ಬರುತ್ತದೆ ಎಂಬುದು ಅವರಿಗೇ ಗೊತ್ತಿರುವುದು.

ಕೈಯಲ್ಲಿ ಜೆಆರ್‌ಎಫ್ ಇದ್ದರೆ ಸರಿಯಾದ ಗೈಡ್‌ಗಾಗಿ ಎಂಟು ಹತ್ತು ತಿಂಗಳು ಕಾಯುವುದು ಖಂಡಿತ ಯೋಗ್ಯ. ಮೂರು ವರ್ಷದ ಪತ್ರ ಇರುವುದೇ ಅದಕ್ಕೆ. ಒಂದು ವರ್ಷದ ಅಂಕ ಮಾತ್ರ ಇದ್ದರೆ ಕಾಯುವ ಸ್ವಾತಂತ್ರ್ಯ ಅಷ್ಟಿಲ್ಲ. ಅಂಥವರು ಮೂರು ವಿಶ್ವವಿದ್ಯಾಲಯಗಳಲ್ಲಾದರೂ ಗೈಡ್ ನೋಡಿಟ್ಟುಕೊಂಡು, ಮೂರರ ಅಧಿಸೂಚನೆಗಳು ಹಿಂದಿನ ಎರಡು ವರ್ಷ ಯಾವ ತಿಂಗಳಲ್ಲಿ ಬಂದಿದ್ದವು ಎಂದು ಬರೆದಿಡಬೇಕು.

ಹೆಜ್ಜೆ 4: ನೋಂದಣಿಗೆ ಮೊದಲೇ ವಿಷಯವನ್ನು ಪರೀಕ್ಷೆಗೆ ಒಡ್ಡಿ

ನಡುವಿನ ಅವಧಿಯ ಅತ್ಯುತ್ತಮ ಬಳಕೆ ಇದು. ಮೊದಲು ಶೋಧಗಂಗಾ ಜಾಲತಾಣದಲ್ಲಿ ನಿಮ್ಮ ವಿಷಯದ ಮಹಾಪ್ರಬಂಧಗಳನ್ನೂ, ಶೋಧಗಂಗೋತ್ರಿಯಲ್ಲಿ ಸಿನಾಪ್ಸಿಸ್‌ಗಳನ್ನೂ (ಸಂಶೋಧನೆಯ ರೂಪರೇಷೆ) ಹುಡುಕಿ. ಕನ್ನಡದ ಶೀರ್ಷಿಕೆಗಳು ಇಂಗ್ಲಿಷ್ ಲಿಪಿಯಲ್ಲಿ ನಾನಾ ಕಾಗುಣಿತದಲ್ಲಿ ಕೂತಿರುತ್ತವೆ. 'ವಚನ' ಎಂಬ ಒಂದೇ ಪದವನ್ನು ಮೂರು ನಾಲ್ಕು ಬಗೆಯಲ್ಲಿ ಟೈಪ್ ಮಾಡಿ ನೋಡಬೇಕು.

ಆಮೇಲೆ ಮೂಲ ಆಕರದ ಎದುರು ಹೋಗಿ ಕುಳಿತುಕೊಳ್ಳಿ. ಒಂದು ತಾಲ್ಲೂಕಿನ ಮಧ್ಯಕಾಲೀನ ಕೆರೆಗಳ ನಿರ್ವಹಣೆಯ ಮೇಲೆ ಕೆಲಸ ಮಾಡಬೇಕೆಂದಿದ್ದೀರಿ ಎನ್ನೋಣ. ಶಾಸನ ಸಂಪುಟಗಳಾದ ಎಪಿಗ್ರಾಫಿಯಾ ಕರ್ನಾಟಿಕದಲ್ಲಿ ಆ ತಾಲ್ಲೂಕಿನ ಭಾಗ ತೆಗೆದು ಕೆರೆ, ತೂಬು, ಬಿತ್ತುವಟ್ಟ (ಕೆರೆಯ ಉಸ್ತುವಾರಿಗೆ ಬಿಟ್ಟ ಭೂಮಿ) ಎಂಬ ಮಾತು ಬರುವ ಶಾಸನಗಳನ್ನಷ್ಟೇ ಪಟ್ಟಿ ಮಾಡಿ. ಪಟ್ಟಿಯಲ್ಲಿ ಆರೇ ಶಾಸನ ನಿಂತರೆ ಒಂದು ತಾಲ್ಲೂಕು ಸಾಲದು, ವ್ಯಾಪ್ತಿ ಜಿಲ್ಲೆಗೆ ಹಿಗ್ಗಬೇಕು. ಮುನ್ನೂರು ನಿಂತರೆ ಒಂದು ರಾಜವಂಶದ ಕಾಲಕ್ಕೆ ಕುಗ್ಗಬೇಕು. ಹತ್ತು ಶಾಸನಗಳ ಸ್ಥಳಕ್ಕೆ ಹೋಗಿ ಕಲ್ಲು ಇನ್ನೂ ಇದೆಯೇ, ಕೆರೆ ಇದೆಯೇ, ತೂಬು ಯಾವ ದಿಕ್ಕಿಗಿದೆ ನೋಡಿ ಬನ್ನಿ. ಮೂರು ವಾರ ಸಾಕು. ಇದನ್ನೇ ನೋಂದಣಿಯಾದ ಮೇಲೆ ಕಂಡುಕೊಂಡರೆ ಶೀರ್ಷಿಕೆ ಬದಲಾವಣೆಗೆ ಅರ್ಜಿ, ಕಮಿಟಿ, ಸಹಿ ಎಂದು ತಿಂಗಳುಗಳು ಸೋರಿಹೋಗುತ್ತವೆ.

ಸಮಾಜಶಾಸ್ತ್ರ, ಅರ್ಥಶಾಸ್ತ್ರದವರು ಇಪ್ಪತ್ತು ಮನೆಗಳಲ್ಲಿ ಪ್ರಶ್ನಾವಳಿ ಪ್ರಯೋಗಿಸಿ ನೋಡಲಿ. ಯಾವ ಪ್ರಶ್ನೆಗೆ ಜನ ಸುಮ್ಮನಾಗುತ್ತಾರೆ ಎಂಬುದು ಅಲ್ಲೇ ತಿಳಿಯುತ್ತದೆ. ಪ್ರಯೋಗಾಲಯದ ವಿಷಯಗಳಿಗೆ ಈ ತಯಾರಿ ಒಬ್ಬರೇ ಮಾಡುವಂಥದ್ದಲ್ಲ. ಅವರು ಪ್ರಾಜೆಕ್ಟ್ ಸಹಾಯಕರಾಗಿ ಒಂದು ವರ್ಷ ಲ್ಯಾಬ್ ಸೇರುವುದೇ ಒಳ್ಳೆಯದು.

ಇಷ್ಟಾದ ಮೇಲೆ ಎರಡು ಪುಟದ ಟಿಪ್ಪಣಿ ಬರೆಯಿರಿ: ಪ್ರಶ್ನೆ ಏನು, ಈವರೆಗೆ ಯಾರು ಏನು ಹೇಳಿದ್ದಾರೆ, ಆಕರ ಎಲ್ಲಿದೆ, ಪ್ರಾಯೋಗಿಕ ಕೆಲಸದಲ್ಲಿ ಏನು ಕಂಡಿತು. ಗೈಡ್‌ಗೆ ಮೊದಲ ಸಲ ಪತ್ರ ಬರೆಯುವಾಗ ಇದನ್ನೇ ಲಗತ್ತಿಸಿ. ಮೊದಲ ದಿನದಿಂದ ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ಹಳೆಯ 'ನುಡಿ' ತಂತ್ರಾಂಶದ ಆಸ್ಕಿ ಅಕ್ಷರದಲ್ಲಿ ಮಾಡಿಟ್ಟ ಟಿಪ್ಪಣಿಯಲ್ಲಿ ಹುಡುಕಾಟ ನಡೆಯುವುದಿಲ್ಲ, ಐದು ವರ್ಷ ಬಿಟ್ಟು ಪರಿವರ್ತಿಸಹೊರಟರೆ ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾಗುತ್ತವೆ.

ಹೆಜ್ಜೆ 5: ಹಣ

ಜೆಆರ್‌ಎಫ್ 2023ರ ಜನವರಿ 1ರಿಂದ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂ., ನಂತರ ಎಸ್‌ಆರ್‌ಎಫ್ (ಹಿರಿಯ ಫೆಲೋಶಿಪ್) ಆಗಿ 42,000 ರೂ. ಒಟ್ಟು ಗರಿಷ್ಠ 5 ವರ್ಷ. ಪೂರ್ಣಾವಧಿ ಸಂಶೋಧಕರಿಗೆ ಮಾತ್ರ. ಹಣ ಪ್ರತಿ ತಿಂಗಳು ವಿಶ್ವವಿದ್ಯಾಲಯದ ದೃಢೀಕರಣದ ಮೇಲೆ ಬರುವುದರಿಂದ ಆರಂಭದ ಕೆಲವು ತಿಂಗಳು ಬಾಕಿ ಉಳಿಯುವುದು ಸಾಮಾನ್ಯ. ಆರು ತಿಂಗಳ ಊಟ, ಬಾಡಿಗೆ, ಓಡಾಟದ ಖರ್ಚು ಕೈಯಲ್ಲಿಟ್ಟುಕೊಂಡೇ ಸೇರಿ. ಅಷ್ಟನ್ನು ಕೂಡಿಡುವುದೂ ನಡುವಿನ ಅವಧಿಯ ಒಂದು ಉದ್ದೇಶ.

ಈಗಾಗಲೇ ನೋಂದಣಿಯಾಗಿ ಆಮೇಲೆ ಜೆಆರ್‌ಎಫ್ ಆದರೆ, ಫಲಿತಾಂಶದ ದಿನ ಅಥವಾ ಪಿಎಚ್‌.ಡಿ. ಸೇರಿದ ದಿನ, ಯಾವುದು ಈಚಿನದೋ ಅಲ್ಲಿಂದ ಹಣ ಲೆಕ್ಕವಾಗುತ್ತದೆ. ಅಂದರೆ ಸೇರಿದ ಮೇಲೂ ಜೆಆರ್‌ಎಫ್ ಪ್ರಯತ್ನಿಸಬಹುದು, ಆದರೆ ಕಳೆದ ತಿಂಗಳುಗಳ ಹಣ ಬರುವುದಿಲ್ಲ.

ಜೆಆರ್‌ಎಫ್ ಇಲ್ಲದಿದ್ದರೆ ಬೇರೆ ದಾರಿಗಳಿವೆ. ಎಸ್‌ಸಿ ಮತ್ತು ಒಬಿಸಿ ರಾಷ್ಟ್ರೀಯ ಫೆಲೋಶಿಪ್‌ಗಳ ಆಯ್ಕೆ ನೆಟ್ ಅಂಕದ ಮೇಲೆಯೇ. ಎಸ್‌ಟಿ ರಾಷ್ಟ್ರೀಯ ಫೆಲೋಶಿಪ್‌ಗೆ ಸ್ನಾತಕೋತ್ತರದ ಅಂಕವೇ ಆಧಾರ. ಅಣ್ಣತಮ್ಮಂದಿರಿಲ್ಲದೆ ಮನೆಗೆ ಒಬ್ಬಳೇ ಮಗಳಾದವರಿಗೆ ಯುಜಿಸಿಯ ಸಾವಿತ್ರಿಬಾಯಿ ಜ್ಯೋತಿರಾವ್ ಫುಲೆ ಫೆಲೋಶಿಪ್ ಇದೆ. ರಾಜ್ಯದ ಸಮಾಜ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಗಳ ನೆರವನ್ನೂ ವಿಚಾರಿಸಿ.

ಅತಿಥಿ ಉಪನ್ಯಾಸಕರಾಗಿ ಒಂದು ವರ್ಷ ಪಾಠ ಮಾಡುವುದು ಒಳ್ಳೆಯ ಅನುಭವ. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ನೆಟ್, ಕೆ-ಸೆಟ್ ಆದವರಿಗೆ ಗೌರವಧನವೂ ಹೆಚ್ಚು. ಆದರೆ ಎರಡನೇ ವರ್ಷಕ್ಕೆ ಕಾಲಿಡುವ ಮೊದಲು ಯೋಚಿಸಿ. ಕಾರ್ಯಭಾರ, ಮೌಲ್ಯಮಾಪನ, ಎರಡು ಊರುಗಳ ನಡುವಿನ ಬಸ್ಸು ಇವುಗಳ ನಡುವೆ ಓದು ನಿಂತೇಹೋಗುತ್ತದೆ, ನಿಂತದ್ದು ಗೊತ್ತಾಗುವುದೂ ಇಲ್ಲ.

ಹಾಗಾದರೆ ಎಷ್ಟು ತಿಂಗಳು?

ಮಾನವಿಕ ಮತ್ತು ಸಮಾಜ ವಿಜ್ಞಾನದವರಿಗೆ 10ರಿಂದ 14 ತಿಂಗಳು ಹದವಾದ ಅವಧಿ. 2026ರ ಸೆಪ್ಟೆಂಬರ್‌ಗೆ ನಾಲ್ಕನೇ ಸೆಮಿಸ್ಟರ್ ಮುಗಿಯುವವರನ್ನೇ ತೆಗೆದುಕೊಳ್ಳಿ. ಆ ವರ್ಷದ ಜೂನ್ ಸರದಿ ಮೊದಲ ಪ್ರಯತ್ನ. ಅಕ್ಟೋಬರ್‌ನಲ್ಲಿ ಕಾಗದಪತ್ರ, ಹೆಸರಿನ ತಿದ್ದುಪಡಿ. ನವೆಂಬರ್ ತುಂಬ ಓದು, ಡಿಸೆಂಬರ್ ಸರದಿ ಎರಡನೇ ಪ್ರಯತ್ನ. ಮಳೆ ನಿಂತು ಬಿಸಿಲೇರುವ ಮೊದಲು, ಜನವರಿ ಫೆಬ್ರವರಿಯಲ್ಲಿ, ಕ್ಷೇತ್ರಕಾರ್ಯದ ಮೂರು ವಾರ. ಮಾರ್ಚ್‌ನಲ್ಲಿ ಟಿಪ್ಪಣಿ ಬರೆದು ಗೈಡ್‌ಗಳ ಭೇಟಿ. ಅಲ್ಲಿಂದ ಅಧಿಸೂಚನೆಗಳನ್ನು ಕಾಯುತ್ತ, 2027ರ ದ್ವಿತೀಯಾರ್ಧದಲ್ಲಿ ಪ್ರವೇಶ.

ಎರಡು ಪ್ರಯತ್ನದಲ್ಲೂ ಜೆಆರ್‌ಎಫ್ ಬರದೆ ಪ್ರವೇಶದ ಅಂಕ ಮಾತ್ರ ಬಂದರೆ? ಗೈಡ್ ಸಿಕ್ಕಿದ್ದು, ವಿಷಯ ಗಟ್ಟಿಯಾಗಿದ್ದು, ಒಂದು ವರ್ಷದ ಖರ್ಚಿಗೆ ದಾರಿಯಿದ್ದರೆ ಸೇರಿಬಿಡಿ, ಮೊದಲ ವರ್ಷವೇ ಮತ್ತೆ ಪ್ರಯತ್ನಿಸಿ. ಮೂರರಲ್ಲಿ ಎರಡು ಇಲ್ಲದಿದ್ದರೆ ನಿಲ್ಲಿ. ಬರೀ ಹಾಸ್ಟೆಲ್ ಸಿಗುತ್ತದೆಂದು ನೋಂದಣಿ ಮಾಡಿಸಿಕೊಂಡವರ ಆರು ವರ್ಷ ಬಹಳ ಬೇಗ ಮುಗಿಯುತ್ತದೆ.

ವಿಜ್ಞಾನದವರಿಗೆ ಕ್ಯಾಲೆಂಡರ್ ಬಿಗಿ. ಗೇಟ್ ಫೆಬ್ರವರಿಯಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಂಥ ಕಡೆ ಮುಖ್ಯ ತಂಡ ಆಗಸ್ಟ್‌ನಲ್ಲಿ ಶುರುವಾಗುತ್ತದೆ. ಅಂತಿಮ ವರ್ಷದಲ್ಲೇ ಅರ್ಜಿ ಹಾಕಿದರೆ ಕಾಯುವ ಪ್ರಮೇಯವೇ ಇಲ್ಲ.

ಕಾಲೇಜಿನಲ್ಲಿ ಕಾಯಂ ಕೆಲಸದಲ್ಲಿದ್ದು ಪಾರ್ಟ್ ಟೈಮ್ ಮಾಡುವವರಿಗೆ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಮುಖ್ಯ. ಸಂಶೋಧನೆಗೆ ಸಾಕಷ್ಟು ಸಮಯ ಸಿಗುತ್ತದೆ ಮತ್ತು ಅಗತ್ಯವಿದ್ದರೆ ಕೋರ್ಸ್‌ವರ್ಕ್‌ಗೆ ಬಿಡುಗಡೆ ಮಾಡುತ್ತೇವೆ ಎಂಬ ಎರಡೂ ಮಾತು ಅದರಲ್ಲಿರಬೇಕು. ಇಲಾಖೆಯ ಮೂಲಕ ಹೋಗುವ ಅರ್ಜಿಯಾದರೆ ಅಧಿಸೂಚನೆಗೆ ನಾಲ್ಕೈದು ತಿಂಗಳ ಮೊದಲೇ ಕೊಡಿ. ರಜೆ ಹಾಕದೆ ಪಾಠ ಮಾಡುತ್ತಲೇ ಪಿಎಚ್‌.ಡಿ. ಮಾಡಿದ ಅವಧಿ ಬೋಧನಾನುಭವಕ್ಕೆ ಸೇರುತ್ತದೆ, ರಜೆ ಪಡೆದು ಮಾಡಿದ್ದು ಸೇರುವುದಿಲ್ಲ. ಮುಂದೆ ಬಡ್ತಿಯ ಹೊತ್ತಿಗೆ ಈ ವ್ಯತ್ಯಾಸ ದೊಡ್ಡದಾಗಿ ಕಾಣುತ್ತದೆ.

ಅಮೆರಿಕಕ್ಕೆ ಹೋಗುವುದಿದ್ದರೆ ಲೆಕ್ಕವೇ ಬೇರೆ. ಹೆಚ್ಚಿನ ವಿಭಾಗಗಳ ಗಡುವು ಡಿಸೆಂಬರ್ ಸುಮಾರಿಗೆ, ತರಗತಿ ಮುಂದಿನ ಆಗಸ್ಟ್ ಸೆಪ್ಟೆಂಬರ್‌ಗೆ. ಹದಿನೈದು ತಿಂಗಳ ಮುಂಚೆ ಕೆಲಸ ಶುರುವಾಗಬೇಕು. ಟೋಫೆಲ್, ಐಇಎಲ್‌ಟಿಎಸ್ ಅಂಕ ಎರಡು ವರ್ಷ, ಜಿಆರ್‌ಇ ಐದು ವರ್ಷ ನಡೆಯುತ್ತದೆ. ಶಿಫಾರಸು ಪತ್ರ ಬರೆಯುವ ಮೇಷ್ಟ್ರು ನಿಮ್ಮನ್ನು ನೆನಪಿಟ್ಟಿರುವಾಗಲೇ ಕೇಳಿ.

ಪ್ರವೇಶದ ವಾರ

ಸೀಟು ಸಿಕ್ಕ ಮೇಲೆ ಪ್ರವೇಶದ ದಿನಾಂಕ, ಶುಲ್ಕ ಕಟ್ಟಿದ ದಿನಾಂಕ, ವಿಭಾಗಕ್ಕೆ ಹಾಜರಾದ ದಿನಾಂಕ ಈ ಮೂರೂ ಇರುವ ಕಾಗದಗಳ ಪ್ರತಿ ಇಟ್ಟುಕೊಳ್ಳಿ. ಆರು ವರ್ಷದ ಎಣಿಕೆ ಮೊದಲನೆಯದರಿಂದ ಶುರುವಾಗುತ್ತದೆ. ಜೆಆರ್‌ಎಫ್ ಇದ್ದವರು ಹಾಜರಾತಿ ವರದಿಗೆ ಗೈಡ್, ವಿಭಾಗದ ಮುಖ್ಯಸ್ಥರು, ಕುಲಸಚಿವರ ಕಚೇರಿಯ ಸಹಿಗಳನ್ನು ಅದೇ ವಾರ ಮಾಡಿಸಿ, ಫೆಲೋಶಿಪ್ ನೋಡಿಕೊಳ್ಳುವ ನೋಡಲ್ ಅಧಿಕಾರಿಗೆ ಕೈಯಾರೆ ತಲುಪಿಸಿ, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿಯ ಸೀಲು ಹಾಕಿಸಿಕೊಂಡು ಬನ್ನಿ.